ಹಾನಾ ಅವರ ಅಮ್ಮನನ್ನು ಹುಡುಕಿಕೊಂಡು

ಎಲಿಕಾಟ್ ಸಿಟಿ

ಅಮೆರಿಕದ ಬಾಗಿಲುಗಳು ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ ಎಂದು ನನ್ನ ತಂಗಿ ಗೀತಾ ಹೇಳಿದ್ದಳು. ನಾನು ಹೂಂ ಅಂದಿದ್ದೆ. ಬಂದ ಮೊದಲ ವಾರವೇ ಕಸದ ಡಬ್ಬಿ ಒಳಗೆಳೆದುಕೊಳ್ಳಲು ಹೊರಗೆ ಹೋದೆ. ನೈಟಿಯ ಮೇಲೆ ಶಾಲು, ಕಾಲಲ್ಲಿ ಹವಾಯಿ ಚಪ್ಪಲಿ. ಹಿಂದೆ ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು. ಫೋನು ಒಳಗೆ, ಗೀತಾ ಆಫೀಸಿನಲ್ಲಿ, ಅವಳ ಗಂಡ ಊರಲ್ಲಿಲ್ಲ. ಚಿಂತಾಮಣಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರಿ, ಒಬ್ಬರು ಏಣಿ ತಂದು, ಇನ್ನೊಬ್ಬರು ಬೀಗ ರಿಪೇರಿಯವನಿಗೆ ಹೇಳಿಕಳಿಸಿ, ಎಲ್ಲರೂ ನನಗೆ ಬುದ್ಧಿವಾದವನ್ನೂ ಹೇಳಿ ಆಗಿರುತ್ತಿತ್ತು. ಇಲ್ಲಿ ಬೀದಿಯಲ್ಲಿ ಒಂದು ಅಳಿಲು ಬಿಟ್ಟರೆ ಯಾರೂ ಇರಲಿಲ್ಲ.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ ಹಿಡಿದ ಒಬ್ಬ ವೃದ್ಧೆ ನಿಂತಿದ್ದರು. ಕುಳ್ಳಗಿನ ಮೈ, ಬೆಳ್ಳನೆಯ ಕೂದಲು, ತೋಳಿನ ತುಂಬ ಕಂದು ಮಚ್ಚೆ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಯಾರು, ಏನು, ಯಾಕೆ ಎಂದು ಒಂದು ಮಾತೂ ಕೇಳದೆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿ, "ಒಳಗೆ ಬಾ, ಚಳಿ ಇದೆ," ಎಂದರು. ಕಾಫಿ ಕೊಟ್ಟರು. ಸಂಜೆ ಗೀತಾ ಬರುವವರೆಗೂ ಅವರ ಸೋಫಾದ ಮೇಲೆ ಕುಳಿತಿದ್ದೆ. ಹೆಸರು ಹಾನಾ ಎಂದು ಗೊತ್ತಾಗಿದ್ದು ಎರಡನೆಯ ಕಾಫಿಯ ಹೊತ್ತಿಗೆ.

ಋಣ ತೀರಿಸಲು ಗೀತಾ ಅವರನ್ನು ತಿಂಡಿಗೆ ಕರೆದಳು. ಅವಳ ಬಡಾವಣೆಯ ತುಂಬ ಬೆಂಗಳೂರು, ಹೈದರಾಬಾದಿನವರೇ ಇರುವುದರಿಂದ ಹಾನಾ ಅವರಿಗೆ ದೋಸೆ ಹೊಸದೇನಾಗಿರಲಿಲ್ಲ. ಮಸಾಲೆ ದೋಸೆಯನ್ನು ಬಿಡಿಸಿ, ಪಲ್ಯವನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ, ಬರೀ ದೋಸೆಯನ್ನು ಕೆಂಪು ಚಟ್ನಿಯಲ್ಲಿ ಅದ್ದಿಕೊಂಡು ತಿಂದರು. ಖಾರವಾಯಿತೇನೋ ಎಂದು ನಾನು ಮೊಸರು ತಂದಿಟ್ಟೆ.

"ಖಾರ ಚೆನ್ನಾಗಿದೆ. ಆಲೂಗಡ್ಡೆ ಮಾತ್ರ ಬೇಡ," ಎಂದರು. "ಚಿಕ್ಕವಳಿದ್ದಾಗ ಅದರ ಜೊತೆ ತುಂಬಾ ದಿನ ಇದ್ದೆ. ಆ ವಾಸನೆ ಸಾಕಾಗಿದೆ."

ನಾನು ಗೀತಾಳ ಮುಖ ನೋಡಿದೆ. ಅವರು ಹೋದ ಮೇಲೆ ಅವಳು ಹೇಳಿದಳು. "ಅಕ್ಕ, ಅವ್ರು ಯಹೂದಿ. ವಾರ್ ಟೈಮಲ್ಲಿ ಬಚ್ಚಿಟ್ಕೊಂಡು ಬದುಕಿದೋರು. ಮುಂದಿನ ವಾರ ಡಿ.ಸಿ.ಲಿ ಸ್ಟೂಡೆಂಟ್ಸ್‌ಗೆ ಟಾಕ್ ಕೊಡ್ತಾರೆ. ಬೇಕಿದ್ರೆ ಹೋಗು, ನಾನು ಡ್ರಾಪ್ ಮಾಡ್ತೀನಿ."

ವಾಷಿಂಗ್ಟನ್

ಶ್ವೇತಭವನವನ್ನು ಬೇಲಿಯಾಚೆಯಿಂದ ನೋಡಿದೆ. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಚಿಕ್ಕದು ಎಂದು ಎಲ್ಲರೂ ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿತು. ಆ ದಿನದಿಂದ ನನ್ನ ಜೊತೆ ಉಳಿದದ್ದು ಮಾತ್ರ ಒಂದು ಸಾಧಾರಣ ಸಭಾಂಗಣ, ಅದರಲ್ಲಿ ಚೂಯಿಂಗ್ ಗಮ್ ಅಗಿಯುತ್ತಿದ್ದ ಹೈಸ್ಕೂಲು ಮಕ್ಕಳು, ಮುಂದೆ ಕುರ್ಚಿಯ ಮೇಲೆ ಕಾಲು ನೆಲಕ್ಕೆ ಎಟುಕದೆ ಕುಳಿತ ಹಾನಾ.

ಅವರು ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಕಾಲುವೆಯ ಪಕ್ಕದ ಎತ್ತರದ, ಕಿರಿದಾದ ಮನೆ. ಒಂದೊಂದು ಅಂತಸ್ತಿನಲ್ಲೂ ಒಂದೊಂದು ಸಂಸಾರ. ಏಣಿಯಂತೆ ಕಡಿದಾದ ಮೆಟ್ಟಿಲು. ಅಪ್ಪ ಟೋಪಿ ಹೊಲಿಯುತ್ತಿದ್ದರು. ನಾಜಿಗಳು ಊರು ಹಿಡಿದ ಮೇಲೆ ಯಹೂದಿಗಳು ಪಾರ್ಕಿಗೆ ಹೋಗುವಂತಿಲ್ಲ, ಟ್ರಾಮ್ ಹತ್ತುವಂತಿಲ್ಲ, ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳದೆ ಓಡಾಡುವಂತಿಲ್ಲ. ಒಂದು ದಿನ ಅಪ್ಪನನ್ನು ಕರೆದೊಯ್ದರು. ಅದಾದ ಮೇಲೆ ಅಮ್ಮ ಯಾರದೋ ಮೂಲಕ ಒಬ್ಬ ಕಾಲೇಜು ಹುಡುಗಿಯ ಸಂಪರ್ಕ ಮಾಡಿದಳು. ಮಕ್ಕಳನ್ನು ಗುಟ್ಟಾಗಿ ಹಳ್ಳಿಗಳಿಗೆ ಸಾಗಿಸುತ್ತಿದ್ದ ಹುಡುಗಿ. ಅವಳ ಜೊತೆ ಮಗಳನ್ನು ರೈಲು ಹತ್ತಿಸಿದಳು. ಅದೇ ಕಟ್ಟಡದ ಕೆಳಗಿನ ಮನೆಯ ಹತ್ತು ವರ್ಷದ ಹುಡುಗ ಯಾಪ್ ಕೂಡ ಜೊತೆಗಿದ್ದ. ಹಾನಾಗೆ ಆಗ ನಾಲ್ಕು ವರ್ಷ.

ಉತ್ತರದ ಫ್ರೀಸ್‌ಲ್ಯಾಂಡಿನಲ್ಲಿ ಹಸು ಸಾಕುವ ರೈತ ದಂಪತಿ ಇಬ್ಬರನ್ನೂ ಇಟ್ಟುಕೊಂಡರು. ಅಕ್ಕಪಕ್ಕದವರಿಗೆ, ಬಾಂಬು ಬಿದ್ದ ರಾಟರ್‌ಡ್ಯಾಮಿನ ಅನಾಥ ಅಣ್ಣ ತಂಗಿ ಎಂದು ಹೇಳಿದರು. ಹೊಸ ಹೆಸರು, ಹೊಸ ಪ್ರಾರ್ಥನೆ ಕಲಿಸಿದರು. ಸೈನಿಕರು ಮನೆ ತಪಾಸಣೆಗೆ ಬಂದಾಗಲೆಲ್ಲ ಅಡುಗೆಮನೆಯ ನೆಲದ ಹಲಗೆ ಎತ್ತಿ ಇಬ್ಬರನ್ನೂ ಆಲೂಗಡ್ಡೆ ಗುಂಡಿಗೆ ಇಳಿಸುತ್ತಿದ್ದರು. ಸೈನಿಕರು ಊರಲ್ಲೇ ಬಿಡಾರ ಹೂಡಿದಾಗ ವಾರಗಟ್ಟಲೆ ಅಲ್ಲೇ ವಾಸ. ಯುದ್ಧ ಮುಗಿದು ಕೆನಡಾದ ಸೈನಿಕರು ಬಂದರು. ಅಪ್ಪ ಅಮ್ಮ ಬರಲಿಲ್ಲ. ಯಾಪ್‌ನ ಮನೆಯವರೂ ಬರಲಿಲ್ಲ. ಬಾಲ್ಟಿಮೋರಿನಲ್ಲಿದ್ದ ಚಿಕ್ಕಪ್ಪ ಹುಡುಕಿಸಿ ಹಾನಾರನ್ನು ಕರೆಸಿಕೊಂಡರು.

"ಆ ರೈತನ ಹೆಂಡತಿಯನ್ನು ಬಿಟ್ಟು ಬರುವಾಗ ನಾನು ಹಡಗು ಹತ್ತುವವರೆಗೂ ಅತ್ತೆ. ಅಷ್ಟು ಹೊತ್ತಿಗೆ ಅವರೇ ನನಗೆ ಅಮ್ಮ. ನನಗೆ ಅವರ ಮುಖ ಚೆನ್ನಾಗಿ ನೆನಪಿದೆ, ಅವರ ಏಪ್ರನ್ನಿನ ಹಾಲಿನ ವಾಸನೆ ನೆನಪಿದೆ," ಎಂದರು ಹಾನಾ.

ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. "ನಿಮ್ಮ ಸ್ವಂತ ಅಮ್ಮ ನೋಡೋಕೆ ಹೇಗಿದ್ರು?"

ಹಾನಾ ಆ ಹುಡುಗಿಯ ಕಡೆ ತಿರುಗಿದರು. "ಗೊತ್ತಿಲ್ಲ," ಎಂದರು. "ಒಂದು ಫೋಟೋನೂ ಉಳೀಲಿಲ್ಲ. ಚಿಕ್ಕಪ್ಪ ನಮ್ಮ ಅಪ್ಪ ಅಮ್ಮನ ಮದುವೆಗೆ ಮೊದಲೇ ಅಮೆರಿಕಕ್ಕೆ ಬಂದಿದ್ದರು. ಅವರೂ ನೋಡಿರಲಿಲ್ಲ."

ಮೆಟ್ರೋದಲ್ಲಿ ಹಿಂದಿರುಗುವಾಗ ಒಬ್ಬ ತರುಣ ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟ. ಅವರು ಜರುಗಿ ನನಗೂ ಜಾಗ ಮಾಡಿ, "ವಿಜಯಾ, ನಮ್ಮಮ್ಮನನ್ನು ನೋಡಿದವರು ಒಬ್ಬರು ಇನ್ನೂ ಇದ್ದಾರೆ," ಎಂದರು.

ಅದು ಯಾಪ್. ಅನಾಥಾಲಯದಲ್ಲಿ ಬೆಳೆದು, ದೊಡ್ಡವನಾದ ಮೇಲೆ ಅಮೆರಿಕಕ್ಕೆ ಬಂದು, ಹೆಸರನ್ನು ಜ್ಯಾಕ್ ಎಂದು ಬದಲಿಸಿಕೊಂಡು ಜಾರ್ಜಿಯಾದಲ್ಲಿ ಕಾರ್ಪೆಟ್ ವ್ಯಾಪಾರ ಮಾಡಿದವರು. ಹಾನಾ ಅವರನ್ನು ಕೆಲವು ಸಲ ಭೇಟಿಯಾಗಿದ್ದರು. ಹಳೆಯ ಮಾತು ತೆಗೆದಾಗಲೆಲ್ಲ ಯಾಪ್ ಎದ್ದು ಹೊರಗೆ ಹೋಗುತ್ತಿದ್ದರಂತೆ. ಅವರನ್ನು ನೋಯಿಸಬಾರದೆಂದು ಹಾನಾ ಕೇಳುವುದನ್ನೇ ಬಿಟ್ಟರು. ಆಮೇಲೆ ಕೊರೊನಾ ಬಂತು, ಹೋಗುವುದೂ ನಿಂತಿತು. ಈಗ ತೊಂಬತ್ತು ದಾಟಿದ ಯಾಪ್ ಜಾರ್ಜಿಯಾದಲ್ಲೇ ಡುಲುತ್‌ನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮರೆವಿನ ಕಾಯಿಲೆ. ಮಗಳು ಕ್ಯಾರನ್ ಹೋದ ತಿಂಗಳು ಫೋನ್ ಮಾಡಿ, ಅಪ್ಪ ಈಗ ಹಳೆಯದನ್ನೆಲ್ಲ ಇಡೀ ದಿನ ಮಾತಾಡ್ತಾರೆ, ಆದರೆ ಇಂಗ್ಲಿಷ್ ಮರೆತುಹೋಗಿದೆ, ಬರೀ ಡಚ್, ನಮಗೆ ಯಾರಿಗೂ ಒಂದಕ್ಷರ ತಿಳಿಯುತ್ತಿಲ್ಲ ಎಂದಳಂತೆ.

"ನಿಮಗೆ ಡಚ್ ಬರುತ್ತಲ್ಲ?" ಎಂದೆ.

"ನಾನು ಏಳು ವರ್ಷಕ್ಕೇ ಬಂದವಳು. ಚಿಕ್ಕಮ್ಮ ಇಂಗ್ಲಿಷ್ ಬಿಟ್ಟು ಬೇರೆ ಆಡಗೊಡಲಿಲ್ಲ. ಬ್ರೆಡ್ಡು, ಹಾಲು, ಹಸು. ಅಷ್ಟೇ ಉಳಿದಿರೋದು."

ನನಗೆ ನಮ್ಮ ಅತ್ತೆಯ ನೆನಪಾಯಿತು. ಕೊನೆಗಾಲದಲ್ಲಿ ಅವರೂ ಕನ್ನಡ ಬಿಟ್ಟು ತವರಿನ ತೆಲುಗಿಗೆ ಹೋಗಿಬಿಟ್ಟಿದ್ದರು. ಆದರೆ ನಮ್ಮ ಊರಲ್ಲಿ ತೆಲುಗು ಬಾರದವರು ಯಾರು? ಅವರು ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತಿತ್ತು.

ಉತ್ತರ ಕ್ಯಾರೊಲಿನಾ

ನಮ್ಮ ಚಿಕ್ಕಮ್ಮನ ಮಗಳು ರೋಹಿಣಿ ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕ್‌ನಲ್ಲಿ ಹೊಸ ಮನೆ ಕೊಂಡಿದ್ದಳು. ಗೃಹಪ್ರವೇಶಕ್ಕೆ ನಾನೂ ಗೀತಾಳೂ ಕಾರಿನಲ್ಲೇ ಹೊರಟಿದ್ದೆವು. ಹಾನಾ ಅವರಿಗೆ ಕಿವಿಯ ತೊಂದರೆಯಿಂದ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಕೇಳಿದಾಗ ಗೀತಾ ಒಂದು ಕ್ಷಣವೂ ಯೋಚಿಸಲಿಲ್ಲ.

"ಹೆಂಗೂ ಡ್ರೈವ್ ಮಾಡ್ತಿದೀವಲ್ಲ ಅಕ್ಕ, ಬ್ಯಾಕ್ ಸೀಟ್ ಖಾಲಿನೇ ಇದೆ. ಡುಲುತ್ ರೋಹಿಣಿ ಮನೆ ಪಕ್ಕದಲ್ಲೇ ಇದೆ. ಕರ್ಕೊಂಡು ಹೋಗೋಣ."

"ಮಾತು ತಿಳಿಯದೆ ಹೋಗಿ ಏನು ಮಾಡ್ತಾರೆ?"

"ಒಂದ್ಸಲ ನೋಡ್ಲಿ ಬಿಡು. ಅವ್ರಿಗೂ ಏಜ್ ಆಗಿದೆ, ಇವ್ರಿಗೂ ಆಗಿದೆ."

ವರ್ಜೀನಿಯಾ ಪೂರ್ತಿ ಮರಗಳೇ. ರಸ್ತೆಯ ಎರಡೂ ಬದಿ ಗೋಡೆ ಕಟ್ಟಿದಂತೆ ಕಾಡು. ಊರುಗಳು ಕಾಣುವುದಿಲ್ಲ, ಊರಿನ ಹೆಸರಿನ ಹಸಿರು ಫಲಕಗಳು ಮಾತ್ರ ಕಾಣುತ್ತವೆ. ನಮ್ಮ ಕಡೆ ಕೋಲಾರದಿಂದ ಬೆಂಗಳೂರಿಗೆ ಹೋಗುವುದರಲ್ಲಿ ಎಷ್ಟು ಮುಖಗಳನ್ನು ನೋಡುತ್ತೇವೆ! ಇಲ್ಲಿ ಇಡೀ ದಿನ ಪ್ರಯಾಣ ಮಾಡಿದರೂ ಎದುರಾದದ್ದು ಪೆಟ್ರೋಲ್ ಬಂಕಿನ ಮುಖಗಳಷ್ಟೇ.

ರಾತ್ರಿ ತಂಗಿದ್ದ ಹೋಟೆಲಿನಲ್ಲಿ ಬೆಳಿಗ್ಗೆ ತಿಂಡಿ ನಾವೇ ಮಾಡಿಕೊಳ್ಳಬೇಕಿತ್ತು. ದೋಸೆ ಹಿಟ್ಟಿನಂಥ ಹಿಟ್ಟನ್ನು ಲೋಟದಲ್ಲಿ ಹಿಡಿದು ಕಬ್ಬಿಣದ ಅಚ್ಚಿಗೆ ಸುರಿದು ತಿರುಗಿಸಿದರೆ ವಾಫಲ್ ಆಗುತ್ತದೆ. ನಾನು ಧಾರಾಳವಾಗಿ ಎರಡು ಲೋಟ ಸುರಿದೆ. ಹಿಟ್ಟು ಅಚ್ಚಿನ ನಾಲ್ಕೂ ಕಡೆಯಿಂದ ಉಕ್ಕಿ ಮೇಜಿನ ಮೇಲೆ ಹರಿಯಿತು. ಅಲ್ಲಿನ ಹೆಂಗಸು ಬಂದು, "ಪರವಾಗಿಲ್ಲ ಹನೀ, ದಿನಾ ಒಬ್ಬರು ಮಾಡ್ತಾರೆ," ಎಂದು ನಗುತ್ತ ಒರೆಸಿದಳು. ಪಕ್ಕದ ಪಾತ್ರೆಯಲ್ಲಿ ಗ್ರಿಟ್ಸ್ ಎಂಬ ಬಿಳಿ ಗಂಜಿ ಇತ್ತು. ಮುಸುಕಿನ ಜೋಳದ ರವೆಯದು. ನೋಡಿದರೆ ಒಗ್ಗರಣೆ ಮರೆತ ಉಪ್ಪಿಟ್ಟು. ಗೀತಾಳ ಚೀಲದಲ್ಲಿದ್ದ ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡು ತಿಂದೆ. ಹಾನಾ ನನ್ನ ತಟ್ಟೆ ನೋಡಿ ತಮಗೂ ಹಾಕಿಸಿಕೊಂಡರು.

"ಗುಂಡಿಯಲ್ಲಿ ಹೊತ್ತು ಹೇಗೆ ಕಳೀತಿದ್ರಿ?" ಎಂದು ಆಗ ಕೇಳಿದೆ. ಕೇಳಬಾರದಿತ್ತೇನೋ ಅನ್ನಿಸಿತು. ಅವರು ಸಹಜವಾಗಿಯೇ ಹೇಳಿದರು.

"ಯಾಪ್ ಆಲೂಗಡ್ಡೆಗಳಿಗೆ ಹೆಸರಿಟ್ಟಿದ್ದ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಮುಟ್ಟಿ ಇದು ಯಾರು ಹೇಳು ಅಂತ ಪಿಸುಗುಟ್ಟೋನು. ಉದ್ದ ಇರೋದು ಮೇಷ್ಟ್ರು. ಗುಂಡಗಿರೋದು ಬೇಕರಿಯವನು. ನಗು ಬಂದ್ರೆ ನನ್ನ ಬಾಯಿ ಮುಚ್ಚೋನು. ನನಗೆ ಭಯ ಆಗಿದ್ದು ಕಡಿಮೆ. ಭಯ ಎಲ್ಲಾ ಅವನೇ ಪಟ್ಟ ಅಂತ ಕಾಣುತ್ತೆ."

ದಕ್ಷಿಣ ಕ್ಯಾರೊಲಿನಾ

ರಾಜ್ಯದ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಹೆದ್ದಾರಿಯ ಪಕ್ಕ ಆಕಾಶದಲ್ಲಿ ಒಂದು ಭಾರಿ ಪೀಚ್ ಹಣ್ಣು ಕಂಡಿತು. ನೀರಿನ ಟ್ಯಾಂಕನ್ನೇ ಹಣ್ಣಿನ ಆಕಾರದಲ್ಲಿ ಕಟ್ಟಿ ಬಣ್ಣ ಬಳಿದಿದ್ದಾರೆ. ಗೀತಾ ಅದರ ನಡುವಿನ ಸೀಳು ನೋಡಿ ಬೇರೇನೋ ಅಂದುಕೊಂಡು ನಕ್ಕಳು. ಹಾನಾ ನೋಡಿ ಇನ್ನೂ ಜೋರಾಗಿ ನಕ್ಕರು. ನಾನು ಅದನ್ನು ಇಲ್ಲಿ ವಿವರಿಸುವುದಿಲ್ಲ. ನಮ್ಮೂರಲ್ಲಿ ಟೊಮೆಟೊ ಟ್ಯಾಂಕು ಕಟ್ಟಿದರೆ ಇಂಥ ಮುಜುಗರವಿರದು.

ಮುಂದೆ ರಸ್ತೆ ಬದಿಯ ಹಣ್ಣಿನ ಅಂಗಡಿಯಲ್ಲಿ ನಿಜವಾದ ಪೀಚ್ ತಿಂದೆವು. ಅಂಗಡಿಯ ಯಜಮಾನ ಹಾನಾ ಅವರಿಗೆ ಕುಳಿತುಕೊಳ್ಳಲು ತನ್ನ ಕುರ್ಚಿ ಬಿಟ್ಟುಕೊಟ್ಟ. ದಕ್ಷಿಣದಲ್ಲಿ ಎಲ್ಲರೂ ಎಲ್ಲರನ್ನೂ ಮ್ಯಾಮ್ ಎನ್ನುತ್ತಾರೆ. ಚಿಂತಾಮಣಿಯ ಆಟೋದವರು ಅಮ್ಮಾ ಎಂದ ಹಾಗೆ ಕಿವಿಗೆ ಹಿತವಾಗಿತ್ತು. ಎಲ್ಲಿಗೆ ಹೊರಟಿದ್ದೀರಿ ಎಂದು ಆತ ಕೇಳಿದ. "ನನ್ನ ಅಣ್ಣನನ್ನು ನೋಡೋಕೆ," ಎಂದರು ಹಾನಾ. ಆತ ಇನ್ನೆರಡು ಹಣ್ಣು ಚೀಲಕ್ಕೆ ಹಾಕಿದ.

ಕಾರು ಹತ್ತಿದ ಮೇಲೆ ಅವರು ಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಮೇಲೆ ಹಿಂದಿನ ಸೀಟಿನಿಂದ, "ಅವನು ನನ್ನನ್ನು ಗುರುತು ಹಿಡೀದಿದ್ರೆ?" ಎಂದರು. ಗೀತಾ ಹಿಂದಕ್ಕೆ ಕೈ ಚಾಚಿ ಅವರ ಮಂಡಿಯ ಮೇಲೆ ಒಮ್ಮೆ ಇಟ್ಟು ತೆಗೆದಳು.

ಜಾನ್ಸ್ ಕ್ರೀಕ್

ರೋಹಿಣಿಯ ಗೃಹಪ್ರವೇಶಕ್ಕೆ ಹಸುವಿನ ಬದಲು ಬೆಳ್ಳಿಯ ಪುಟ್ಟ ಹಸು ಮನೆಯೊಳಗೆ ಬಂತು. ಹೊಗೆ ಕಂಡರೆ ಬಡಿದುಕೊಳ್ಳುವ ಅಲಾರಂ ಕೂಗದಿರಲೆಂದು ಹೋಮಕ್ಕೆ ಗ್ಯಾರೇಜಿನಲ್ಲಿ ಜಾಗ ಮಾಡಿದ್ದರು. ಹಾಲು ಉಕ್ಕಿದಾಗ ಹಾನಾ ಗಾಬರಿಯಾಗಿ ಒಲೆ ಆರಿಸಲು ಹೋದರು. ಅದು ಉಕ್ಕಲೇಬೇಕು ಆಂಟಿ ಎಂದು ರೋಹಿಣಿ ಅವರ ಕೈ ಹಿಡಿದುಕೊಂಡಳು.

ಊಟವಾದ ಮೇಲೆ ಕ್ಯಾರನ್ ಕಳಿಸಿದ್ದ ಧ್ವನಿಮುದ್ರಣವನ್ನು ಫೋನಿನ ಅನುವಾದದ ಆಪ್‌ಗೆ ಕೇಳಿಸಿದೆವು. ಮುದುಕರ ದನಿ, ಹಲ್ಲಿಲ್ಲದ ಬಾಯಿ, ಹಳೇ ಕಾಲದ ಓಣಿಯ ಮಾತು. ಆಪ್ ಒಂದಿಷ್ಟು ಯೋಚಿಸಿ, 'ಮೆಟ್ಟಿಲ ಮೇಲೆ ಒದ್ದೆ ಮೇಕೆ ಬಂದಿದೆ' ಎಂದಿತು. ಇನ್ನೊಮ್ಮೆ ಕೇಳಿಸಿದರೆ 'ಬೆಣ್ಣೆಯ ಕಾನೂನು' ಎಂದಿತು. ಹಾನಾ ನಕ್ಕರು. ಅವರ ನಗು ಬೇಗ ನಿಂತಿತು.

ಪಾತ್ರೆ ಎತ್ತಿಡುತ್ತಿದ್ದ ರೋಹಿಣಿ ತಟ್ಟನೆ ತಿರುಗಿದಳು. "ಡಚ್ ಅಂದ್ರಾ? ಅಕ್ಕ, ನಮ್ಮ ದೇವಸ್ಥಾನಕ್ಕೆ ಒಬ್ರು ಸುರಿನಾಮ್ ಆಂಟಿ ಬರ್ತಾರೆ. ಪ್ರಸಾದಕ್ಕೆ ಬಾಳೆಹಣ್ಣು ಎಣಿಸೋವಾಗ ಏನೋ ವಿಚಿತ್ರವಾಗಿ ಎಣಿಸ್ತಾರೆ. ಕೇಳಿದ್ರೆ ಡಚ್ ಅಂದ್ರು. ಡುಲುತ್‌ನಲ್ಲೇ ಮಗನ ಮನೇಲಿರೋದು."

ಸುರಿನಾಮ್ ಎಂಬ ದೇಶ ಭೂಪಟದಲ್ಲಿ ಎಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ. ದಕ್ಷಿಣ ಅಮೆರಿಕದ ತಲೆಯ ಮೇಲಿದೆಯಂತೆ. ಡಚ್ಚರ ವಸಾಹತು. ಅಲ್ಲಿನ ಕಬ್ಬಿನ ತೋಟಗಳಿಗೆ ಬಿಹಾರದ ಕಡೆಯಿಂದ ಹಡಗಿನಲ್ಲಿ ಕೂಲಿಗಳನ್ನು ಒಯ್ದಿದ್ದರು. ಆ ಆಂಟಿಯ ಹೆಸರು ಕೌಶಿಲ್ಯಾ, ಅವರ ಅಜ್ಜಿ ಹಾಗೆ ಹೋದವರು. ಮನೆಯಲ್ಲಿ ಅಜ್ಜಿಯ ಭಾಷೆ, ಶಾಲೆಯಲ್ಲಿ ಡಚ್. ಇಂಗ್ಲಿಷ್ ಮಾತ್ರ ಅವರಿಗೆ ಅಷ್ಟಕ್ಕಷ್ಟೇ.

ಸಂಜೆ ರೋಹಿಣಿ ಅವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ಹಿಂದಿ ಕಲಿಸಿದವಳು. ವ್ಯಾಕರಣಬದ್ಧವಾದ ಹಿಂದಿಯಲ್ಲಿ ಇಡೀ ಕಥೆ ಹೇಳಿ, ನಾಳೆ ನಮ್ಮ ಜೊತೆ ಬರುತ್ತೀರಾ ಎಂದು ಕೇಳಿದೆ. ಆ ಕಡೆಯಿಂದ, "ಹಮ್ ಜಾಬ್," ಎಂದು ಉತ್ತರ ಬಂತು.

"ಅವರಿಗೆ ಜಾಬ್ ಇದೆಯಂತೆ, ಬರೋಕಾಗಲ್ಲ," ಎಂದೆ ಗೀತಾಳಿಗೆ.

ಫೋನಿನಲ್ಲಿ ಮತ್ತೆ, "ಹಮ್ ಜಾಬ್, ಹಮ್ ಜಾಬ್," ಎಂದು ಒತ್ತಿ ಹೇಳಿದರು. ಅದು ಇಂಗ್ಲಿಷಿನ ಜಾಬ್ ಅಲ್ಲ, ಅವರ ಅಜ್ಜಿ ಹಡಗಿನಲ್ಲಿ ತಂದ ಭಾಷೆ. ನಾನು ಹೋಗ್ತೀನಿ ಎಂದರ್ಥ. ನನ್ನ ವ್ಯಾಕರಣದಲ್ಲಿ ಇದು ಇರಲಿಲ್ಲ.

ಡುಲುತ್

ಕೊರಿಯಾದ ಬೇಕರಿ, ಗುಜರಾತಿ ಚಾಟ್ ಅಂಗಡಿ, ವಿಯೆಟ್ನಾಮಿನ ಹೋಟೆಲು ಎಲ್ಲ ಒಂದೇ ಸಾಲಿನಲ್ಲಿರುವ ಊರು ಡುಲುತ್. ಕೌಶಿಲ್ಯಾ ವೃದ್ಧಾಶ್ರಮದ ಬಾಗಿಲಲ್ಲೇ ಕಾಯುತ್ತಿದ್ದರು. ಎಪ್ಪತ್ತರ ಆಸುಪಾಸು, ಫ್ರಾಕಿನಂಥ ಉಡುಪು, ಮೇಲೆ ಓಢಣಿ, ಕೈಯಲ್ಲಿ ರೊಟ್ಟಿಯ ಡಬ್ಬಿ. ಕ್ಯಾರನ್ ನಮ್ಮನ್ನು ಒಳಗೆ ಕರೆದೊಯ್ದಳು.

ಯಾಪ್ ಕಿಟಕಿಯ ಬಳಿ ಕುಳಿತಿದ್ದರು. ಉದ್ದನೆಯ ಮನುಷ್ಯ, ಕುರ್ಚಿಯಲ್ಲಿ ಮಡಿಸಿಟ್ಟಂತಿದ್ದರು. ಹಾನಾ ಹತ್ತಿರ ಹೋಗಿ ಹೆಸರು ಹಿಡಿದು ಕರೆದರು. ಅವರು ಅಪರಿಚಿತರಿಗೆ ಮಾಡುವ ಹಾಗೆ ತಲೆಬಾಗಿ ಏನೋ ಅಂದರು. ಹಾನಾ ನನ್ನತ್ತ ನೋಡಿದರು.

ಕೌಶಿಲ್ಯಾ ಕುರ್ಚಿ ಎಳೆದುಕೊಂಡು ಕುಳಿತು ಡಚ್ಚಿನಲ್ಲಿ ಕುಶಲ ಕೇಳಿದರು. ಆ ಮುದುಕರ ಮುಖ ತಿರುಗಿದ ಬಗೆಯನ್ನು ನಾನು ಮರೆಯಲಾರೆ. ಎಷ್ಟೋ ದಿನದಿಂದ ತಟ್ಟುತ್ತಿದ್ದ ಬಾಗಿಲನ್ನು ಯಾರೋ ತೆರೆದಂತೆ. ಅವರು ಮಾತಾಡಿದರು, ಇವರು ಉತ್ತರ ಕೊಟ್ಟರು. ಇಬ್ಬರೂ ನಕ್ಕರು. ನಮಗೆ ಹೇಳಬೇಕೆಂಬುದನ್ನೇ ಕೌಶಿಲ್ಯಾ ಮರೆತಿದ್ದರು. ನಾನು ಮೆಲ್ಲಗೆ ಅವರ ತೋಳು ಮುಟ್ಟಿದೆ.

"ಇಲ್ಲಿನ ಕಾಫಿ ನೀರು ಅಂತಾರೆ," ಎಂದರು ತಮ್ಮ ಹಿಂದಿಯಲ್ಲಿ.

ಹೀಗೆ ಶುರುವಾಯಿತು. ಯಾಪ್‌ರ ಡಚ್ಚು ಕೌಶಿಲ್ಯಾರ ಬಾಯಲ್ಲಿ ಹಿಂದಿಯಾಗಿ ನನಗೆ ಬರುತ್ತಿತ್ತು. ನಾನು ಅದನ್ನು ಮುರುಕು ಇಂಗ್ಲಿಷಿನಲ್ಲಿ ಹಾನಾ ಅವರಿಗೆ ಕೊಡುತ್ತಿದ್ದೆ. ನಾನು ತಡವರಿಸಿದಲ್ಲಿ ಗೀತಾ.

"ಇವರು ಹಾನಾ, ನಿಮ್ಮನ್ನು ನೋಡೋಕೆ ಬಂದಿದ್ದಾರೆ," ಎಂದು ಹೇಳಿಸಿದೆ.

ಯಾಪ್ ತಲೆಯಾಡಿಸಿದರು. ಹಾನಾ ಚಿಕ್ಕ ಹುಡುಗಿ, ಇವರಾರೋ ವಯಸ್ಸಾದ ಹೆಂಗಸು ಎಂದರು. ಅದನ್ನು ಇಂಗ್ಲಿಷಿಗೆ ತರಲು ನನಗೆ ಬಾಯಿ ಬರಲಿಲ್ಲ. ಹಾನಾ ನನ್ನ ಮುಖದಿಂದಲೇ ತಿಳಿದುಕೊಂಡರು. "ಸರಿ. ಹಾಗಾದ್ರೆ ಆ ಚಿಕ್ಕ ಹುಡುಗಿ ವಿಷಯ ಈ ಹೆಂಗಸಿಗೆ ಹೇಳು ಅನ್ನು," ಎಂದರು.

ಯಾಪ್‌ಗೆ ಉತ್ಸಾಹ ಬಂತು. ಹಾನಾಗೆ ಯಾವಾಗಲೂ ನೆಗಡಿ, ಮೂಗು ಸುರಿಯುತ್ತಲೇ ಇರುತ್ತೆ, ಬರೀ ಕಾಟ ಎಂದರು. ಅವಳ ಅಮ್ಮ ಹೇಗೆ ಎಂದು ಕೌಶಿಲ್ಯಾ ಕೇಳಿದರು. ಯಾಪ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ದೊಡ್ಡ ಬಾಯಿಯಂತೆ," ಎಂದರು ಕೌಶಿಲ್ಯಾ. "ಕೂಗಿದ್ರೆ ಕಾಲುವೆ ಆಚೆ ದಡಕ್ಕೆ ಕೇಳ್ತಿತ್ತಂತೆ. ಇಡೀ ಕಟ್ಟಡ ಹೆದರ್ತಿತ್ತಂತೆ."

ನನ್ನ ತಲೆಗೆ ಬಂದದ್ದು ಗಯ್ಯಾಳಿ ಎಂಬ ಮಾತು. ಅದಕ್ಕೆ ಇಂಗ್ಲಿಷ್ ಗೊತ್ತಿಲ್ಲ. ಗೀತಾಳಿಗೆ ಪಿಸುಗುಟ್ಟಿದೆ. ಅವಳು ಹಿಂಜರಿಯುತ್ತ, "ಅವರು ಸ್ವಲ್ಪ ಲೌಡ್ ಇದ್ರಂತೆ," ಎಂದಳು.

"ಲೌಡ್?" ಎಂದರು ಹಾನಾ. ಬೇಜಾರಾಯಿತೆಂದು ನಾನು ಅಂದುಕೊಂಡೆ. ಅವರು ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದರು. "ಇನ್ನೂ ಹೇಳಲಿ. ಇನ್ನೂ ಕೇಳು."

ಯಾಪ್ ಹೇಳುತ್ತ ಹೋದರು. ಕುಳ್ಳಿ. ಕ್ಯಾರಟ್ ಬಣ್ಣದ ಕೂದಲು. ತೋಳಿನ ತುಂಬ ಮಚ್ಚೆ, ಆ ತೋಳಲ್ಲಿ ಗಂಡಸರ ಶಕ್ತಿ. ಹುಡುಗ ಯಾಪ್ ಸೈಕಲ್ಲನ್ನು ಮೆಟ್ಟಿಲ ಮೇಲೆ ದಡಬಡ ಎಳೆದುಕೊಂಡು ಬಂದರೆ ಮೇಲಿನಿಂದ ನೆಲ ಒರೆಸುವ ಒದ್ದೆ ಬಟ್ಟೆ ಬೀಸಿ ಎಸೆಯುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ. ಬೈದು ಮುಗಿಸಿ, ಮೇಲೆ ಕರೆದು, ಭರಣಿಯಿಂದ ಉಪ್ಪುನೀರಿನ ಸೌತೆಕಾಯಿ ತೆಗೆದು ಕೊಡುತ್ತಿದ್ದಳು. ತಿಂದು ಹೊರಡುವಾಗ ಮತ್ತೆ ಬೈಯುತ್ತಿದ್ದಳು. ಆಪ್ ಹೇಳಿದ ಒದ್ದೆ ಮೇಕೆ ಆ ಬಟ್ಟೆಯೇ ಇರಬೇಕು ಎಂದಳು ಗೀತಾ.

ಹಾನಾ ತಮ್ಮ ತೋಳುಗಳನ್ನು ಮಡಿಲಲ್ಲಿಟ್ಟುಕೊಂಡು ಮಚ್ಚೆಗಳನ್ನು ನೋಡುತ್ತಿದ್ದರು. "ಇಷ್ಟು ವರ್ಷವೂ ಅಮ್ಮ ಅಂದ್ರೆ ಅಳ್ತಾ ನಿಂತಿರೋ ಒಬ್ಬ ಹೆಂಗಸು ಅಂದ್ಕೊಂಡಿದ್ದೆ," ಎಂದರು. "ಆ ಕಾಲದ ಫೋಟೋಗಳಲ್ಲಿ ಎಲ್ರೂ ಹಾಗೇ ಇರ್ತಾರಲ್ಲ. ನಮ್ಮಮ್ಮ ಒದ್ದೆ ಬಟ್ಟೆ ಬೀಸಿ ಎಸೀತಿದ್ಲಾ?" ಎಂದು ನಕ್ಕರು. ನಗುತ್ತಲೇ, "ರೈಲಿನ ದಿನ ಏನಾಯ್ತು, ಕೇಳು," ಎಂದರು.

ಈ ಪ್ರಶ್ನೆ ಮೂರು ಬಾಯಿ ದಾಟಿ ಯಾಪ್‌ರನ್ನು ತಲುಪಿತು. ಕ್ಯಾರನ್ ಅಪ್ಪ ಎದ್ದುಹೋಗಬಹುದೆಂದು ಮುಂದೆ ಬಂದು ನಿಂತಳು. ಅವರು ಏಳಲಿಲ್ಲ. ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿದರು. ಕೌಶಿಲ್ಯಾ ಕೇಳುತ್ತ ಕೇಳುತ್ತ ಓಢಣಿಯ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಅವಳಮ್ಮ ಅಳಲಿಲ್ಲವಂತೆ. ಇವರ ಕಿವಿ ಹಿಡಿದು ಬೈದಳಂತೆ. ಹಾನಾ ಕೈ ಬಿಟ್ಟೆಯೋ, ಬಂದು ಈ ಕಿವಿ ತಿರುಚ್ತೀನಿ. ಅವಳ ಮೂಗು ಒರೆಸು. ಕರ್ಚೀಫು ಇಲ್ಲದಿದ್ರೆ ನಿನ್ನ ಅಂಗಿಯಲ್ಲೇ ಒರೆಸು. ನಾನು ಬಂದು ನೋಡ್ತೀನಿ, ಅಂದಳಂತೆ." ಕೌಶಿಲ್ಯಾ ಉಸಿರೆಳೆದುಕೊಂಡರು. "ಮೊದಮೊದಲು ಎಲ್ಲಿ ಬಂದುಬಿಡ್ತಾಳೋ ಅಂತ ಹೆದರಿಕೆ ಆಗ್ತಿತ್ತಂತೆ. ಆಮೇಲೆ ದಿನಾ ಬಾಗಿಲು ನೋಡ್ತಿದ್ರಂತೆ, ಬಂದು ಕಿವಿ ತಿರುಚಲಿ ಅಂತ."

ನಾನು ಅದನ್ನು ಹೇಗೆ ಇಂಗ್ಲಿಷಿನಲ್ಲಿ ಹೇಳಿದೆನೋ ತಿಳಿಯದು. ವ್ಯಾಕರಣ ಸರಿಯಿರಲಿಲ್ಲ. ಹಾನಾ ಅವರಿಗೆ ಎಲ್ಲ ಅರ್ಥವಾಯಿತು. ಅವರು ಮುಖ ಮುಚ್ಚಿಕೊಳ್ಳಲಿಲ್ಲ. ನೇರ ಕುಳಿತು ಮಗುವಿನ ಹಾಗೆ ಅತ್ತರು. ಕಣ್ಣು, ಮೂಗು ಎಲ್ಲ ಒದ್ದೆ.

ಯಾಪ್ ಅವರನ್ನೇ ನೋಡಿದರು. ಹುಬ್ಬು ಗಂಟಿಕ್ಕಿದರು. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರ ಎಳೆದುಕೊಂಡು, ಮುಂದೆ ಬಾಗಿ, ಇನ್ನೊಂದು ಕೈಯಿಂದ ಅವರ ಹಿಂದಲೆ ಹಿಡಿದು ಮೂಗನ್ನು ಗಟ್ಟಿಯಾಗಿ ಒರೆಸಿದರು. ಮಕ್ಕಳ ಮೂಗನ್ನು ದೊಡ್ಡ ಮಕ್ಕಳು ಒರೆಸುವ ಹಾಗೆ, ಸ್ವಲ್ಪ ಒರಟಾಗಿ. ಒರೆಸುತ್ತ ಒಂದು ಹೆಸರು ಹೇಳಿದರು. ಅದಕ್ಕೆ ಅನುವಾದ ಬೇಕಿರಲಿಲ್ಲ.

ಚಿಂತಾಮಣಿ

ಊರಿಗೆ ಬಂದ ಮೇಲೆ ನೆಂಟರೆಲ್ಲ ನಯಾಗರಾ ಯಾಕೆ ನೋಡಲಿಲ್ಲ ಎಂದು ಕೇಳುತ್ತಿದ್ದಾರೆ. ಕಸದ ಡಬ್ಬಿ ತರಲು ಹೋಗಿ ಹೊರಗುಳಿದವಳಿಗೆ ಒಬ್ಬರು ಬಾಗಿಲು ತೆರೆದರು. ಅವರು ಹಾಗೆ ತೆರೆಯಲು, ಎಂದೋ ಒಬ್ಬ ರೈತನ ಹೆಂಡತಿ ಅವರಿಗೆ ತೆರೆದಿದ್ದಳು. ಕಬ್ಬು ಕಡಿಯಲು ಹಡಗು ಹತ್ತಿದ ಒಬ್ಬ ಅಜ್ಜಿಯ ಮೊಮ್ಮಗಳು ಕರೆದ ಕೂಡಲೇ ಹೋಗ್ತೀನಿ ಎಂದರು. ಇವರಿಗೆಲ್ಲ ನಾನು ಕೃತಜ್ಞಳು. ನಯಾಗರಾ ಇನ್ನೊಮ್ಮೆ ನೋಡಿದರಾಯಿತು.

ಕೌಶಿಲ್ಯಾ ಈಗ ಪ್ರತಿ ಬುಧವಾರ ಯಾಪ್‌ರ ಬಳಿ ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ತಮ್ಮ ಡಚ್ಚಿಗೂ ಯಾರೂ ಇರಲಿಲ್ಲ, ಈಗ ಜಗಳವಾಡಲು ಒಬ್ಬರು ಸಿಕ್ಕರು ಎಂದು ನನಗೆ ಹೇಳಿದರು. ಹಾನಾ ಎಲಿಕಾಟ್ ಸಿಟಿಯಲ್ಲಿ ಕುಳಿತು ಅವರಿಂದ ಫೋನಿನಲ್ಲಿ ಡಚ್ ಕಲಿಯುತ್ತಿದ್ದಾರೆ, ಎಂಬತ್ತು ದಾಟಿದ ಮೇಲೆ. ಮೊದಲ ಪೂರ್ತಿ ವಾಕ್ಯ ಯಾವುದು ಬೇಕೆಂದು ಅವರೇ ಆರಿಸಿದರಂತೆ. ಒಂದು ವಾರವಿಡೀ ಅಭ್ಯಾಸ ಮಾಡಿ, ಬುಧವಾರ ಕೌಶಿಲ್ಯಾರ ಫೋನಿನಲ್ಲಿ ಯಾಪ್‌ಗೆ ಹೇಳಿದರು.

"ನನ್ನ ಮೂಗು ನಾನೇ ಒರೆಸಿಕೊಂಡೆ."

ಯಾಪ್ ಫೋನನ್ನು ಕೈಯಿಂದ ಮುಚ್ಚಿ, ಕೌಶಿಲ್ಯಾರ ಕಡೆ ಬಾಗಿ ಗುಟ್ಟಾಗಿ ಹೇಳಿದರಂತೆ.

"ಸುಳ್ಳು ಹೇಳ್ತಿದಾಳೆ. ಅವಳಮ್ಮ ಬರಲಿ, ಹೇಳ್ತೀನಿ."